ಮಾನಿಕದ ಉಪ್ಪು, ಕಿಲೋದ ಉಪ್ಪು

ವಿಜಯವಾಡದ ಒನ್ ಟೌನ್ ಇಂದ್ರಕೀಲಾದ್ರಿಯ ಬುಡದ ಹಳೆ ಪೇಟೆ. ಬಳ್ಳಾರಿಯಿಂದ ಅಲ್ಲಿಯ ಕನ್ನಡ ಮನೆಯೊಂದಕ್ಕೆ ಸೊಸೆಯಾಗಿ ಹೋದವಳಿಗೆ ಊರಿನ ಭಾಷೆ ತೊಡಕಾಗಲಿಲ್ಲ; ತೆಲುಗು ಬಳ್ಳಾರಿಯಲ್ಲೇ ಕಿವಿಗೆ ಬಿದ್ದಿತ್ತು. ತೊಡಕಾದದ್ದು ಅಳತೆ. ತವರಿನಲ್ಲಿ ಪಾವು, ಸೇರು. ಅತ್ತೆಯ ಬಾಯಲ್ಲಿ ಗಿದ್ದ, ಸೋಲ, ತವ್ವ, ಮಾನಿಕ. ನಾಲ್ಕು ಗಿದ್ದಕ್ಕೆ ಒಂದು ಸೋಲ, ಎರಡು ಸೋಲಕ್ಕೆ ಒಂದು ತವ್ವ, ಎರಡು ತವ್ವಕ್ಕೆ ಒಂದು ಮಾನಿಕ. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಬಂದ ಮೆಟ್ರಿಕ್ ಪದ್ಧತಿ ಅಂಗಡಿಯ ತಕ್ಕಡಿಯನ್ನು ಬದಲಿಸಿತು, ಅಡುಗೆಮನೆಯ ಪಾತ್ರೆಯನ್ನಲ್ಲ.

ಅತ್ತೆ ಆವಕಾಯಿಗೆ ಹಾಕುತ್ತಿದ್ದ ಲೆಕ್ಕ ಸರಳ: ಉಪ್ಪು, ಖಾರದಪುಡಿ, ಸಾಸಿವೆ ಪುಡಿ ಒಂದೊಂದು ಮಾನಿಕ. ಅವರು ಕಿರಿಯ ಮಗನ ಮನೆಗೆ ಹೈದರಾಬಾದಿಗೆ ಹೊರಟಾಗ ಹಿತ್ತಾಳೆಯ ಮಾನಿಕವೂ ಅವರ ಜೊತೆ ಹೊರಟಿತು. ಇನ್ನು ಮುಂದೆ ಒನ್ ಟೌನಿನ ಮನೆಯ ಉಪ್ಪಿನಕಾಯಿ ಸೊಸೆಯ ಪಾಲು.

“ಮೂರೂ ಒಂದೊಂದು ಕಿಲೋ ತಂದುಬಿಡ್ಲೇನ್ರಿ ಅತ್ತಿ?”

“ತಂದರೆ ಮಳೆಗಾಲಕ್ಕೆ ಬೂಷ್ಟು ಹಿಡೀತದಮ್ಮ.”

ಅತ್ತೆ ಕಾರಣ ಹೇಳಲಿಲ್ಲ. ಕಾರಣ ಪುಡಿಗಳಲ್ಲೇ ಇದೆ. ಒಂದು ಲೀಟರ್ ಹಿಡಿಯುವ ಪಾತ್ರೆಯಲ್ಲಿ ಪುಡಿ ಉಪ್ಪು ಸುಮಾರು 1,200 ಗ್ರಾಂ ತೂಗಿದರೆ, ಖಾರದಪುಡಿ, ಸಾಸಿವೆ ಪುಡಿ ಹೆಚ್ಚುಕಡಿಮೆ ಅರ್ಧರ್ಧ ಕಿಲೋ ಮಾತ್ರ. ಪಾತ್ರೆ ಅಳತೆಯಲ್ಲಿ ಸಮಸಮ ಹಾಕಿದಾಗ ಮಸಾಲೆಯ ಒಟ್ಟು ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಉಪ್ಪೇ. ತಕ್ಕಡಿಯಲ್ಲಿ ಸಮಸಮ ತೂಗಿದರೆ ಅದು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಾವಿನ ಹೋಳು ನೀರು ಬಿಡುತ್ತದೆ, ಉಪ್ಪು ಸಾಲದೆ ಜಾಡಿ ಕೆಡುತ್ತದೆ. ಎಣ್ಣೆಯದೂ ಇದೇ ಕಥೆ: ಒಂದು ಲೀಟರ್ ಎಣ್ಣೆ ಒಂದು ಕಿಲೋ ಅಲ್ಲ, ಸುಮಾರು 910 ಗ್ರಾಂ. ಬಿಸಿಯಾದಷ್ಟೂ ಎಣ್ಣೆ ಹಿಗ್ಗಿ, ಅದೇ ಲೀಟರಿನ ತೂಕ ಇನ್ನೂ ಇಳಿಯುತ್ತದೆ. ಪೊಟ್ಟಣದ ಮೇಲೆ ಹೆಚ್ಚಿನ ಉಷ್ಣಾಂಶ ನಮೂದಿಸಿ ಲೀಟರಿನ ಲೆಕ್ಕ ತೋರಿಸುವುದನ್ನು ಬಿಟ್ಟು, ಉಷ್ಣಾಂಶದ ಮಾತಿಲ್ಲದೆ ಲೀಟರಿನ ಜೊತೆಗೆ ತೂಕವನ್ನೂ ಬರೆಯಿರಿ ಎಂದು 2022ರಲ್ಲಿ ಕೇಂದ್ರ ಸರ್ಕಾರ ಎಣ್ಣೆ ತಯಾರಕರಿಗೆ ಹೇಳಬೇಕಾಯಿತು.

ಅತ್ತೆ ಹೊರಡುವ ಹಿಂದಿನ ದಿನ ಸೊಸೆ ಪಕ್ಕದ ಅಂಗಡಿಯಿಂದ ತಕ್ಕಡಿ ತರಿಸಿದಳು. ಮೊದಲು ಬರಿಯ ಮಾನಿಕ ತೂಗಿದಳು. ಆಮೇಲೆ ಉಪ್ಪು ತುಂಬಿ, ಅಂಚಿಗೆ ಸಮನಾಗಿ ಕೈಯಿಂದ ಸವರಿ ತೂಗಿ, ಪಾತ್ರೆಯ ತೂಕ ಕಳೆದಳು. ಅತ್ತೆ ತಡೆದರು: ಸವರಬಾರದು, ಉಪ್ಪಿಗೆ ತಲೆ ಕಟ್ಟಬೇಕು, ಖಾರದಪುಡಿಗೆ ಮಾತ್ರ ಸವರಬೇಕು. ಮತ್ತೆ ತುಂಬಿ ತೂಗಿದರು. ಕಲ್ಲುಪ್ಪು ಹಾಕಿದಾಗ ಹರಳುಗಳ ನಡುವೆ ಗಾಳಿ ನಿಂತು ಬೇರೆಯೇ ತೂಕ ಬಂತು. ನಾಲ್ಕು ದಶಕ ಅತ್ತೆ ಒಮ್ಮೆಯೂ ಬಾಯಿಬಿಟ್ಟು ಹೇಳದಿದ್ದ ವಿಷಯಗಳು ಆ ಒಂದು ಮಧ್ಯಾಹ್ನ ತಕ್ಕಡಿಯ ಮುಂದೆ ಹೊರಬಂದವು.

ಸೊಸೆ ಬೇಳೆ ಡಬ್ಬಿಯ ಮುಚ್ಚಳದ ಒಳಗೆ ನಾಲ್ಕು ಸಾಲು ಬರೆದು ಅಂಟಿಸಿದಳು. ಪ್ರತಿ ತೂಕದ ಪಕ್ಕದಲ್ಲೂ ಯಾವ ಉಪ್ಪು, ತಲೆ ಕಟ್ಟಿದ್ದೋ ಸವರಿದ್ದೋ ಎಂದು ಬರೆದಿದ್ದಳು. ಆ ವಿವರವಿಲ್ಲದ ಗ್ರಾಂ ಇಟ್ಟುಕೊಂಡು ಉಪ್ಪಿನಕಾಯಿ ಹಾಕುವ ಹಾಗಿರಲಿಲ್ಲ.