ಜೊತೆ ಹೋಗುವವಳ ಚೀಲ

ಹೆರಿಗೆಗೆ ಜೊತೆ ಹೋಗುವವಳ ಚೀಲಕ್ಕೆ ಮೊದಲು ಬೀಳಬೇಕಾದದ್ದು ಅವಳದೇ ಬುತ್ತಿ. ಮಗುವಿನ ಕುಲಾವಿ, ಹಳೇ ಸೀರೆ, ಬಿಸಿನೀರಿನ ಫ್ಲಾಸ್ಕು ಎಲ್ಲ ಆಮೇಲೆ. ಹೀಗೆಂದರೆ ಮನೆಯ ಹಿರಿಯರು ನನ್ನ ಮುಖ ನೋಡುತ್ತಾರೆ, ಹುಡುಗಿ ನೋವು ತಿನ್ನುತ್ತಿರುವಾಗ ಇವಳಿಗೆ ಊಟದ ಚಿಂತೆಯೇ ಎಂದು. ಚೊಚ್ಚಲ ಹೆರಿಗೆಯ ಬೇನೆ ಹನ್ನೆರಡು, ಹದಿನೈದು ಗಂಟೆ ಹಿಡಿಯುವುದು ಅಪರೂಪವೇನಲ್ಲ. ರಾತ್ರಿ ಎರಡಕ್ಕೆ ಮನೆ ಬಿಟ್ಟ ಅತ್ತೆಗೋ ತಾಯಿಗೋ ಬೆಳಗಾಗುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತದೆ. ಗೇಟಿನಾಚೆ ಎರಡು ಇಡ್ಲಿ ತಿಂದು ಬರುತ್ತೇನೆ ಎಂದು ಹೋಗುತ್ತಾರೆ. ಬಿಲ್ಲು, ಸಾಲು, ಮತ್ತೆ ಒಳಗೆ ಬಿಡಲು ಕಾವಲುಗಾರನ ತಕರಾರು ಎಲ್ಲ ಸೇರಿ ಅರ್ಧ ಗಂಟೆ. ಬೇನೆ ಬಿರುಸಾಗುವುದಕ್ಕೆ ಅಷ್ಟು ಹೊತ್ತು ಸಾಕು. ಆ ಅರ್ಧ ಗಂಟೆ ಹುಡುಗಿ ಬಾಗಿಲು ನೋಡುತ್ತಾ ಒಬ್ಬಳೇ ಇರುತ್ತಾಳೆ. ಅದಕ್ಕೇ ಎರಡು ಚಪಾತಿ, ಒಂದು ಹಿಡಿ ಖರ್ಜೂರ, ಒಂದು ಬಾಟಲಿ ನೀರು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ್ದನ್ನು ಒಯ್ಯುವುದಿಲ್ಲ. ಬೇನೆಯಲ್ಲಿರುವವಳಿಗೆ ಸಣ್ಣ ವಾಸನೆಗೂ ವಾಂತಿ ಬರುತ್ತದೆ, ನಾನೋ ಅವಳ ಮುಖದ ಹತ್ತಿರವೇ ಇರಬೇಕಾದವಳು.

ನನ್ನ ಊರು ದೊಡ್ಡಬಳ್ಳಾಪುರ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಕೆಲಸದವರನ್ನು ಡೂಲಾ ಎನ್ನುತ್ತಾರೆ. ನಮ್ಮ ಕಡೆ ನಾನು ‘ಜೊತೆಗೆ ಬರೋ ಅಕ್ಕ’. ಹೆರಿಗೆ ಮಾಡಿಸುವುದು ಡಾಕ್ಟರು, ಸಿಸ್ಟರುಗಳ ಕೆಲಸ. ಬೇನೆ ಶುರುವಾದಾಗಿನಿಂದ ಮಗು ಎದೆಗೆ ಬಾಯಿ ಹಾಕುವವರೆಗೆ ಪಕ್ಕ ಬಿಟ್ಟು ಏಳದಿರುವುದು ನನ್ನ ಕೆಲಸ. ನನ್ನ ಚೀಲದಲ್ಲಿ ಏನಿದ್ದರೂ ಅದು ಏಳದೆ ಕೂರುವುದಕ್ಕಾಗಿಯೇ ಇದೆ.

ಹಿಂದಿನ ಸೂಲಗಿತ್ತಿಯರು ಬರಿಗೈಯಲ್ಲಿ ಬರುತ್ತಿದ್ದರು. ಹಂಡೆಯಲ್ಲಿ ಬಿಸಿನೀರು, ಮೂಲೆಯಲ್ಲಿ ಹರಳೆಣ್ಣೆ, ಪೆಟ್ಟಿಗೆಯಲ್ಲಿ ಹಳೇ ಸೀರೆ, ಜಂತಿಗೆ ಕಟ್ಟಿದ ಹಗ್ಗ ಎಲ್ಲವೂ ಆ ಮನೆಯಲ್ಲೇ ಇರುತ್ತಿದ್ದವು. ಹೆರುವವಳು ತನ್ನ ಮನೆಯಲ್ಲೇ ಇರುತ್ತಿದ್ದಳು, ಹೊರಗಿನಿಂದ ಬರುತ್ತಿದ್ದದ್ದು ಆ ಒಬ್ಬ ಹೆಂಗಸು ಮಾತ್ರ. ಅವರ ಹೆಸರುಗಳು ಎಲ್ಲೂ ಉಳಿದಿಲ್ಲ. ದೇವನಹಳ್ಳಿ ಕೋಟೆಯ ಹತ್ತಿರ ಟಿಪ್ಪು ಹುಟ್ಟಿದ ಜಾಗವೆಂದು ಕಲ್ಲು ನಿಲ್ಲಿಸಿದ್ದಾರೆ. ಆ ದಾರಿಯಲ್ಲಿ ಹೋಗುವಾಗ ಅವನ ತಾಯಿಯ ಬೆನ್ನು ಹಿಡಿದು ಕೂತಿದ್ದ ಹೆಂಗಸು ಯಾರಿರಬಹುದು ಎಂದು ಯೋಚಿಸುತ್ತೇನೆ. ನಮ್ಮ ಕಾಲದಲ್ಲಿ ಒಬ್ಬರ ಹೆಸರಾದರೂ ಉಳಿಯಿತಲ್ಲ ಎಂಬುದು ನನಗೆ ದೊಡ್ಡ ಸಮಾಧಾನ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಈ ಕೆಲಸವನ್ನು ಅಜ್ಜಿ ಮರಿಗೆಮ್ಮನವರಿಂದ ಕಲಿತರು. ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನಲು ನನ್ನ ಬಾಯಿ ಬಾರದು. ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಲ್ಲೋ ಬಿದಿರ ಸೀಳಿನಲ್ಲೋ ಕೊಯ್ದು, ಗಾಯಕ್ಕೆ ಬೂದಿ, ಸಗಣಿ ಮೆತ್ತಿದ ಕಡೆಗಳಲ್ಲಿ ಕೂಸುಗಳು ಹತ್ತು ದಿನ ತುಂಬುವ ಮೊದಲೇ ಧನುರ್ವಾಯುವಿಗೆ ಹೋಗುತ್ತಿದ್ದವು. ಬಸುರಿಯರಿಗೆ ಚುಚ್ಚುಮದ್ದು ಬಂತು, ಹೆರಿಗೆ ಆಸ್ಪತ್ರೆಗೆ ಹೋಯಿತು. ತಾಯಿ ಮಗುವಿಗೆ ತಗಲುವ ಧನುರ್ವಾಯು ನಮ್ಮ ದೇಶದಿಂದ ತೊಲಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ನನ್ನ ಚೀಲದಲ್ಲಿ ಬ್ಲೇಡು, ದಾರ, ಎಣ್ಣೆ, ಮಾತ್ರೆ ಯಾವುದೂ ಇಲ್ಲದಿರುವುದು ಇದಕ್ಕೇ. ಬೇನೆ ಬೇಗ ಬರಲಿ ಎಂದು ಮನೆಯಲ್ಲೇ ಇಂಜೆಕ್ಷನ್ ಹಾಕಿಸಿಕೊಂಡು ಹೊರಡುವ ಅಭ್ಯಾಸ ಅಲ್ಲಲ್ಲಿ ಇನ್ನೂ ಇದೆ. ಗರ್ಭಕೋಶವೇ ಒಡೆಯಬಹುದು, ಮಗುವಿಗೆ ಉಸಿರು ಕಟ್ಟಬಹುದು. ಕಂಡಲ್ಲೆಲ್ಲ ಕೈ ಮುಗಿದು ಬೇಡ ಎನ್ನುತ್ತೇನೆ.

ಆಸ್ಪತ್ರೆಗೆ ಹೋಗುವುದಕ್ಕೆ ಸರ್ಕಾರ ದಾರಿ ಮಾಡಿಕೊಟ್ಟಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಜೊತೆಗೆ ಆಶಾ ಕಾರ್ಯಕರ್ತೆಯರು. 2008ರಲ್ಲಿ ನೂರಾಎಂಟು ನಂಬರಿನ ಆಂಬುಲೆನ್ಸು. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಊಟ, ಮನೆಗೆ ವಾಪಸು ಬಿಡುವುದು ಎಲ್ಲ ಉಚಿತ. ನಮ್ಮ ರಾಜ್ಯದ್ದೇ ಮಡಿಲು ಕಿಟ್ 2007ರಲ್ಲಿ ಬಂತು. ಸೊಳ್ಳೆಪರದೆ, ಹೊದಿಕೆ, ಸೋಪು, ಕೂಸಿನ ಬಟ್ಟೆ. ಆ ಚೀಲ ಹಿಡಿದು ಬಸ್ಸಿಳಿಯುತ್ತಿದ್ದ ಬಾಣಂತಿಯರನ್ನು ನೋಡಿ ಎಷ್ಟು ಸಂತೋಷಪಟ್ಟಿದ್ದೇನೆ! ಅದರಲ್ಲಿದ್ದದ್ದೆಲ್ಲ ಹೆತ್ತ ಮೇಲಿನ ದಿನಗಳಿಗೆ. ಹೆರುವ ಆ ಗಂಟೆಗಳಿಗೆ ಬೇಕಾದ್ದನ್ನು ಇವತ್ತಿಗೂ ಜೊತೆಗೆ ಹೋಗುವವಳೇ ಹೊಂದಿಸಿಕೊಳ್ಳಬೇಕು.

ಏನು ಬೇಕು ಎಂಬುದನ್ನು ಬೇನೆಯೇ ಹೇಳುತ್ತದೆ. ಮೊದಮೊದಲು ಓಡಾಡಿದರೆ ಒಳ್ಳೆಯದು, ಆಗ ಕಾಲಿಗೆ ಜಾರದ ಹವಾಯಿ ಚಪ್ಪಲಿ. ಬೇನೆ ಸೊಂಟಕ್ಕೆ ಇಳಿದಾಗ ಅಂಗೈ ಬುಡದಿಂದ ಬೆನ್ನಿನ ಕೆಳಗೆ ಒತ್ತಿ ಹಿಡಿಯಬೇಕು, ಒಂದೊಂದು ಅಲೆಗೂ, ಬಿಡದೆ. ಕೈ ಸೋತುಹೋಗುತ್ತದೆ. ಆಗ ಒತ್ತಲು ಒಂದು ಟೆನಿಸ್ ಚೆಂಡು, ನಡುವೆ ಬಿಸಿನೀರಿನ ರಬ್ಬರ್ ಚೀಲ, ಅದನ್ನು ಸುತ್ತಲು ಟವೆಲ್ಲು. ಬೆವರು ಒರೆಸಲು ಎರಡು ಹತ್ತಿಯ ತುಂಡು. ಕರೆಂಟು ಹೋದಾಗಿನ ಸೆಕೆಗೆ ಬೀಸಣಿಗೆ. ತೊಡಕಿಲ್ಲದ ಹೆರಿಗೆಯಲ್ಲಿ ಬೇನೆ ನಡುವೆ ಕುಡಿಯಬಹುದು, ಹಗುರವಾಗಿ ತಿನ್ನಲೂಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಸಿಸ್ಟರನ್ನು ಕೇಳಿ ಗಂಜಿ ತಿಳಿ, ಎಳನೀರು, ಬೆಲ್ಲದ ಪಾನಕ ಗುಟುಕು ಗುಟುಕಾಗಿ ಕೊಡುತ್ತೇನೆ. ಇಲ್ಲಿ ಒಂದು ರೂಪಾಯಿಯ ಬಗ್ಗುವ ಸ್ಟ್ರಾ ಮಾಡುವ ಉಪಕಾರ ದೊಡ್ಡದು. ಮಗ್ಗುಲಾಗಿ ಮಲಗಿದವಳು ತಲೆ ಎತ್ತದೆ ಕುಡಿಯಬಹುದು. ಆಪರೇಷನ್ ಮಾತು ಬಂದರೆ ಕುಡಿಸುವುದು ಅಲ್ಲಿಗೆ ನಿಲ್ಲಬೇಕು.

ಕಾಗದಗಳಿಗೆ ಬೇರೆಯೇ ಒಂದು ಪ್ಲಾಸ್ಟಿಕ್ ಕವರು. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪಿನ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸು. ಇವಿಲ್ಲದಿದ್ದರೆ ಯಾರೋ ಊರಿಗೆ ಓಡಬೇಕು, ಆ ಯಾರೋ ಎಂದರೆ ಬಹಳ ಸಲ ಪಕ್ಕದಲ್ಲಿ ಕೂತವಳೇ. ಬೇನೆಯ ಹೊತ್ತು ಬರೆದುಕೊಳ್ಳಲು ನೋಟ್‌ಬುಕ್ಕು, ಪೆನ್ನು. ಚಾರ್ಜರು. ಹತ್ತು, ಇಪ್ಪತ್ತರ ಚಿಲ್ಲರೆ ನೋಟು. ನನಗೊಂದು ಜೊತೆ ಒಗೆದ ಬಟ್ಟೆ, ಹೆರಿಗೆ ಕೋಣೆಯಲ್ಲಿ ನೆತ್ತರು, ನೀರು ಯಾರ ಮೈಮೇಲೂ ಚಿಮ್ಮಬಹುದು.

ಕೆಲವರು ಘಾಟಿ ಸುಬ್ರಹ್ಮಣ್ಯದ ಕುಂಕುಮದ ಪೊಟ್ಟಣ ತರುತ್ತಾರೆ. ಮಕ್ಕಳಿಗಾಗಿ ಹರಸಿಕೊಂಡು ಅಲ್ಲಿ ನಾಗರಕಲ್ಲು ಇಡಿಸಿದ ಮನೆಗಳು ನಮ್ಮ ಸುತ್ತ ಬಹಳ. ಆಸ್ಪತ್ರೆಯಲ್ಲಿ ಕೊರಳ ದಾರ, ತಾಯಿತ ಬಿಚ್ಚಿಸಿದಾಗ ಹುಡುಗಿಯ ಕಣ್ಣಲ್ಲಿ ನೀರು ಬರುವುದನ್ನು ಕಂಡಿದ್ದೇನೆ. ಅದಕ್ಕೊಂದು ಬಟ್ಟೆಯ ಪುಟ್ಟ ಸಂಚಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಹಾಕಿ, ನನ್ನ ಹತ್ತಿರವೇ ಇದೆ ಕಣವ್ವ ಎಂದು ತೋರಿಸಿದರೆ ಅವಳ ಉಸಿರು ಹದಕ್ಕೆ ಬರುತ್ತದೆ.

ಪಕ್ಕದಲ್ಲಿ ಸುಮ್ಮನೆ ಕೂರುವುದರಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಗ್ವಾಟೆಮಾಲಾದ ಒಂದು ಆಸ್ಪತ್ರೆಯಲ್ಲಿ ನಡೆದ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಮೊದಲು ಪರಿಚಯವೇ ಇರದ ಒಬ್ಬ ಸಾಮಾನ್ಯ ಹೆಂಗಸು ಜೊತೆಗಿದ್ದು, ಬೆನ್ನು ಸವರಿ, ಕೈ ಹಿಡಿದು, ಮಾತಾಡಿಸುತ್ತಿದ್ದಳು. ತೊಡಕಿಲ್ಲದೆ ಹೆತ್ತವರಲ್ಲಿ ಹೀಗೆ ಜೊತೆ ಇದ್ದವರ ಹೆರಿಗೆ ಸರಾಸರಿ ಒಂಬತ್ತು ಗಂಟೆಯೊಳಗೇ ಆಯಿತು, ಒಂಟಿಯಾಗಿದ್ದವರಿಗೆ 19.3 ಗಂಟೆ ಹಿಡಿಯಿತು. ಅದು ಸಣ್ಣ ಅಧ್ಯಯನ. ಆಮೇಲೆ 17 ದೇಶಗಳ 26 ಅಧ್ಯಯನಗಳನ್ನು, 15,000ಕ್ಕೂ ಹೆಚ್ಚು ತಾಯಂದಿರ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆ 2017ರಲ್ಲಿ ಬಂತು. ಅಲ್ಲಿ ಅಂತರ ಇಷ್ಟು ದೊಡ್ಡದಿಲ್ಲ, ದಿಕ್ಕು ಮಾತ್ರ ಅದೇ. ಜೊತೆ ಇದ್ದರೆ ಸಿಸೇರಿಯನ್ ಕಡಿಮೆ, ಬೇನೆಯ ಹೊತ್ತು ಕಡಿಮೆ, ಹೆರಿಗೆಯನ್ನು ನೆನೆದು ನೊಂದುಕೊಳ್ಳುವವರೂ ಕಡಿಮೆ. ಇಷ್ಟು ಗುಣ ಕೊಡುವ ಔಷಧಿಯೊಂದಿದ್ದರೆ ಯಾವ ಆಸ್ಪತ್ರೆಯೂ ಅದನ್ನು ತಪ್ಪಿಸುತ್ತಿರಲಿಲ್ಲ.

ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾರ್ತಿಯನ್ನು ಬಿಡಬಹುದೆಂದು ತಿಳಿಸಿತು. ಹೆತ್ತ ಅನುಭವವಿರುವ ಹೆಂಗಸಾಗಿರಬೇಕು, ಅಂಟುರೋಗ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಹೆರಿಗೆ ಮುಗಿಯುವವರೆಗೂ ಇರಲು ಸಿದ್ಧಳಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಖಾಸಗಿತನಕ್ಕೆ ವ್ಯವಸ್ಥೆ ಇರುವ ಕಡೆ ಗಂಡನೂ ಬರಬಹುದು. ಆದರೂ ಒಂದೊಂದು ಕಡೆ ಬಾಗಿಲಲ್ಲೇ ತಡೆಯುತ್ತಾರೆ. ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆ ಸೂಚನೆಯ ಒಂದು ಪ್ರತಿಯನ್ನು ಕಾಗದದ ಕವರಿನಲ್ಲಿ ಇಟ್ಟಿರುತ್ತೇನೆ, ತೆಗೆದು ತೋರಿಸುತ್ತೇನೆ.

ಯಾರಿಗಾಗಿ ಇಷ್ಟು ಹಟ ಎಂದರೆ, ಬಾಶೆಟ್ಟಿಹಳ್ಳಿ, ಅಪೆರಲ್ ಪಾರ್ಕ್ ಕಡೆ ಒಂದೊಂದು ಕೋಣೆಯ ವಠಾರಗಳಲ್ಲಿರುವ ಹುಡುಗಿಯರಿಗಾಗಿ. ರಾಯಚೂರಿನಿಂದ, ಕಲಬುರಗಿಯಿಂದ, ಬಿಹಾರ, ಒಡಿಶಾದಿಂದ ಗಾರ್ಮೆಂಟ್ಸಿಗೆ ಬಂದವರು. ತವರು ದೂರ, ಅತ್ತೆ ಊರಲ್ಲಿ, ಗಂಡ ಶಿಫ್ಟಿನಲ್ಲಿ. ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಚಿಕ್ಕಮ್ಮನೋ ಪಕ್ಕದ ಮನೆಯವರೋ ಬರುತ್ತಾರೆ. ಇವರಿಗೆ ಆಶಾ ಒಬ್ಬಳೇ, ಅವಳಿಗೋ ಊರೆಲ್ಲ ಕೆಲಸ. ಭಾಷೆ ಬಾರದ ಹುಡುಗಿ ಕೋಣೆಯಲ್ಲಿ ಏನು ಕೂಗುತ್ತಾಳೆ, ಯಾರಿಗೆ ಕೂಗುತ್ತಾಳೆ? ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನೀರು, ನೋವು, ಮಗ್ಗುಲಾಗು, ಉಸಿರು ಬಿಡು, ಇಲ್ಲೇ ಇದ್ದೇನೆ ಎಂಬುದನ್ನೆಲ್ಲ ಹಿಂದಿ, ತೆಲುಗು, ಒಡಿಯಾದಲ್ಲಿ ಕೇಳಿ ಕನ್ನಡದಲ್ಲಿ ಬರೆದುಕೊಂಡಿದ್ದೇನೆ.

ಚೀಲ ಒಂದೇ ಇರಬೇಕು, ಹೆಗಲಿಗೆ ಹಾಕುವಂಥದ್ದು. ಬಿಪಿ ಏರಿತು, ಮಗುವಿನ ಎದೆಬಡಿತ ಇಳಿಯಿತು ಎಂದರೆ ಕ್ಷಣದಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಗೆ ಕಳಿಸುತ್ತಾರೆ. ದೊಡ್ಡಬಳ್ಳಾಪುರದಿಂದ ಸುಮಾರು 40 ಕಿಲೋಮೀಟರು, ನಡುವೆ ಯಲಹಂಕದ ಟ್ರಾಫಿಕ್ಕು. ನೆಲಮಂಗಲದವರಿಗೆ ತುಮಕೂರು ರಸ್ತೆಯ ಲಾರಿ ಸಾಲು. ಬಕೆಟ್ಟು, ಚಾಪೆ, ಮೂರು ಬ್ಯಾಗು ಹೊಂದಿಸುತ್ತಾ ನಿಂತವಳಿಗಾಗಿ ಆಂಬುಲೆನ್ಸು ಕಾಯುವುದಿಲ್ಲ. ಒಂದು ಕೈ ಹುಡುಗಿಯ ಕೈಯಲ್ಲಿ, ಇನ್ನೊಂದು ಕೈ ಹತ್ತುವ ಕಂಬಿ ಹಿಡಿಯಲು.

ಈಗ ಸೀಮಂತಕ್ಕೆ ಕರೆದರೆ ತಪ್ಪದೆ ಹೋಗುತ್ತೇನೆ. ಹೆಂಗಸರೆಲ್ಲ ಒಂದೇ ಕಡೆ ಸಿಗುವುದು ಅಲ್ಲಿಯೇ. ಆರತಿ ಆದ ಮೇಲೆ, ಆಸ್ಪತ್ರೆಗೆ ಜೊತೆ ಹೋಗುವವರು ಯಾರು ಎಂದು ಎಲ್ಲರೆದುರೇ ಕೇಳುತ್ತೇನೆ. ಸೂಲಿಬೆಲೆ ಕಡೆಯ ಒಂದು ಮನೆಯಲ್ಲಿ ಹುಡುಗಿಯ ಸೋದರತ್ತೆ ಮುಂದೆ ಬಂದರು. “ನಾನೇ ಹೋಯ್ತೀನಿ ಕಣಮ್ಮ. ಏನೇನು ಹಿಡ್ಕಂಡು ಹೋಗ್ಬೇಕು ಹೇಳು.” ಆಗಷ್ಟೇ ತೊಟ್ಟ ಹಸಿರು ಗಾಜಿನ ಬಳೆ ಅವರ ಎರಡೂ ಕೈ ತುಂಬ ಇದ್ದವು. ಆವತ್ತು ಇವನ್ನು ತೆಗೆದಿಡಿ ಅಮ್ಮ, ಬೆನ್ನು ಒತ್ತುವಾಗ ಒಡೆದರೆ ಚುಚ್ಚುತ್ತವೆ, ಉಗುರು ಕತ್ತರಿಸಿಕೊಳ್ಳಿ, ತಲೆಗೆ ಮಲ್ಲಿಗೆ ಬೇಡ ಎಂದೆ. ಎಲ್ಲಕ್ಕೂ ತಲೆಯಾಡಿಸಿದರು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು. ಒಂದು ಹಗಲು, ಒಂದು ರಾತ್ರಿಯೂ ಆಗಬಹುದು ಎಂದೆ. ಸ್ವಲ್ಪ ಯೋಚಿಸಿ, ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದ ಮಗನನ್ನು ಕೂಗಿದರು. ನಾನು ಆಸ್ಪತ್ರೆಗೆ ಹೋದ ದಿನ ಎರಡು ಹೊತ್ತೂ ಹಸು ಕರೆದು ಡೇರಿಗೆ ಹಾಲು ಹಾಕುವುದು ನಿನ್ನ ಕೆಲಸ, ಫೋನ್ ಮಾಡಿ ನನ್ನ ಕರೀಬೇಡ ಎಂದು ಅಲ್ಲೇ ಹೇಳಿದರು.