ತಾನೇ ತಿರುಗುವ ಚಕ್ರ

ಕಳೆದ ಮಾರ್ಗಶೀರ್ಷ ಮಾಸದ ಒಂದು ಸಂಜೆ ಭಟ್ಕಳದಿಂದ ನನ್ನ ಹಳೆಯ ಶಿಷ್ಯನೊಬ್ಬನು ಫೋನು ಮಾಡಿದನು. "ಮಾಸ್ತರೇ, ತಾವು ಒಮ್ಮೆ ಬಂದು ಒಂದು ಯಂತ್ರ ನೋಡಬೇಕು. ಅದಕ್ಕೆ ಎಣ್ಣೆ ಬೇಡ, ಕರೆಂಟು ಬೇಡ. ಒಮ್ಮೆ ಚಾಲೂ ಮಾಡಿದರೆ ತನ್ನಷ್ಟಕ್ಕೆ ತಿರುಗುತ್ತದೆ," ಎಂದನು. ಅವನಿಗೆ ಕೊಬ್ಬರಿ ಎಣ್ಣೆಯ ಗಿರಣಿಯಿದೆ. ವಿದ್ಯುತ್ತಿನ ಬಿಲ್ಲು ಬಂದ ದಿನ ಅವನ ಮುಖವನ್ನು ನೋಡಬಾರದು. ಯಂತ್ರದ ಬೆಲೆ ನಾಲ್ಕು ಲಕ್ಷ ರೂಪಾಯಿ. 25,000 ರೂಪಾಯಿಯನ್ನು ಮುಂಗಡವಾಗಿ ಕೊಟ್ಟಾಗಿದೆ. ಉಳಿದದ್ದಕ್ಕೆ ತಾಯಿಯ ಬಂಗಾರವನ್ನು ಅಡವಿಡುವ ವಿಚಾರ. ತಾಯಿಯು, "ನಿನ್ನ ಮಾಸ್ತರು ಹೂಂ ಎಂದರೆ ಬಳೆ ಬಿಚ್ಚಿ ಕೊಡುತ್ತೇನೆ," ಎಂದು ಹಠ ಹಿಡಿದಿದ್ದರಂತೆ. ಆಕೆಯ ಬಳೆಗಳ ಭಾರವೆಲ್ಲ ನನ್ನ ತಲೆಯ ಮೇಲೆ ಬಂದಿತು. ಮರುದಿನ ಬೆಳಿಗ್ಗೆ ಕುಮಟೆಯಲ್ಲಿ ರೈಲು ಹತ್ತಿದೆನು.

ಭಟ್ಕಳವನ್ನು ಕಂಡವರು ಬಲ್ಲರು. ಅದು ಹುಟ್ಟಾ ವ್ಯಾಪಾರದ ಊರು. ವಿಜಯನಗರದ ಕಾಲದಲ್ಲಿ ಕಡಲಾಚೆಯ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣಗಳು ಇಲ್ಲಿಂದ ಹಡಗೇರುತ್ತಿದ್ದವು. ಕೊಟ್ಟು ಕೊಳ್ಳುವದೇ ಕುಲವಿದ್ಯೆಯಾದ ಇಂಥ ಪೇಟೆಗೆ, ಕೊಡದೆಯೇ ಕೊಳ್ಳುವ ಯಂತ್ರವೊಂದು ಬಂದದ್ದು ವಿನೋದವೇ ಸರಿ.

ಯಂತ್ರವು ಗಿರಣಿಯ ಮೂಲೆಯಲ್ಲಿ ಹಸುರು ಬಣ್ಣ ಬಳಿದುಕೊಂಡು ಕುಳಿತಿದ್ದಿತು. ಒಂದು ಬ್ಯಾಟರಿ, ಅದರಿಂದ ತಿರುಗುವ ಮೋಟಾರು, ಮೋಟಾರಿನಿಂದ ಪಟ್ಟಿಯ ಮೂಲಕ ತಿರುಗುವ ಭಾರವಾದ ಗಾಲಿ, ಗಾಲಿಯಿಂದ ತಿರುಗುವ ಡೈನಮೋ. ಡೈನಮೋ ಹುಟ್ಟಿಸಿದ ವಿದ್ಯುತ್ತಿನಲ್ಲಿ ಒಂದು ಪಾಲು ದೀಪಗಳಿಗೆ, ಇನ್ನೊಂದು ಪಾಲು ಮರಳಿ ಬ್ಯಾಟರಿಗೆ. ಮಾರುವವನು ಹೊರ ಊರಿನ ತರುಣ, ವಿನಯಶಾಲಿ. ನಾಲ್ಕು ದೀಪಗಳು ಝಗ್ಗೆಂದು ಹೊತ್ತಿದವು. ಅರ್ಧ ಗಂಟೆ ಕಳೆದರೂ ಆರಲಿಲ್ಲ. ಶಿಷ್ಯನು ನನ್ನ ಮುಖವನ್ನೇ ನೋಡುತ್ತಿದ್ದನು.

ನಾನು ಎದ್ದು ಹೋಗಿ ಮೋಟಾರಿನ ಮೈಯನ್ನು ಮುಟ್ಟಿದೆನು. ಜ್ವರ ಬಂದವನ ಹಣೆಯಂತೆ ಸುಡುತ್ತಿದ್ದಿತು. "ಈ ಬಿಸಿ ಯಾರ ಮನೆಯ ಖರ್ಚು, ತಮ್ಮಾ?" ಎಂದು ಕೇಳಿದೆನು. ಪಟ್ಟಿಯ ಸದ್ದು, ಗಾಲಿಯ ಗಾಳಿ, ದೀಪದ ಬೆಳಕು ಎಲ್ಲಕ್ಕೂ ಎಲ್ಲಿಂದಲೋ ಜಮೆ ಬರಲೇಬೇಕಷ್ಟೆ. "ಬ್ಯಾಟರಿಯ ತಂತಿಯನ್ನು ಕಳಚಿ, ಗಾಲಿಯನ್ನು ಕೈಯಿಂದ ತಿರುಗಿಸಿ ಬಿಡು. ಆಮೇಲೂ ನಾಲ್ಕು ತಾಸು ಉರಿದರೆ ನಾನೇ ಒಂದು ಯಂತ್ರ ಕೊಳ್ಳುತ್ತೇನೆ," ಎಂದೆನು. ಹಾಗೆ ಮಾಡಿದರೆ ಯಂತ್ರದ ಗ್ಯಾರಂಟಿ ಹೋಗುವದೆಂದು ಅವನು ಹೇಳಿದನು.

ನನ್ನ ಶಿಷ್ಯನನ್ನು ಮೂಢನೆಂದು ವಾಚಕರು ತಿಳಿಯಬಾರದು. ಈ ಮೋಹವು ನಮ್ಮಲ್ಲಿ ಬಹಳ ಹಳೆಯದು, ಮಹಾಪಂಡಿತರನ್ನೂ ಬಿಟ್ಟಿಲ್ಲ. ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ಬರೆದ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಒಂದು ಸ್ವಯಂವಹ ಯಂತ್ರವನ್ನು ಹೇಳಿದ್ದಾನೆ: ಚಕ್ರದ ಟೊಳ್ಳು ಅರಗಳಲ್ಲಿ ಅರ್ಧದಷ್ಟು ಪಾದರಸ ತುಂಬಿ ಮುಚ್ಚಿದರೆ, ಪಾದರಸವು ಅತ್ತಿತ್ತ ಹರಿದು ಚಕ್ರವನ್ನು ತಿರುಗಿಸುತ್ತಲೇ ಇರುವದಂತೆ. 1150ರಲ್ಲಿ ಭಾಸ್ಕರಾಚಾರ್ಯನೂ 'ಸಿದ್ಧಾಂತಶಿರೋಮಣಿ'ಯ ಯಂತ್ರಾಧ್ಯಾಯದಲ್ಲಿ ಅದನ್ನೇ ಹೇಳಿದನು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ಭಾಗವನ್ನು ಓದಿ, ಸೈಕಲ್ಲಿನ ಗಾಲಿಯೊಂದಕ್ಕೆ ಗಾಜಿನ ನಳಿಗೆಗಳನ್ನು ಕಟ್ಟಿ, ಪಾದರಸಕ್ಕೆ ಹಣವಿಲ್ಲದೆ ನೀರು ತುಂಬಿಸಿ, ನಾನೂ ತಿರುಗಿಸಿ ನೋಡಿದ್ದೆನು. ಗಾಲಿ ಹತ್ತಾರು ಸುತ್ತು ತಿರುಗಿ, ಆಲಸಿಯಂತೆ ಎರಡು ಸಲ ಹಿಂದೆ ಮುಂದೆ ತೂಗಿ ನಿಂತಿತು. ನಮ್ಮ ತಂದೆಯವರು ಜಗುಲಿಯಿಂದ, "ಆಯಿತೋ?" ಎಂದರು. ಆ ಸ್ವರವು ಇಂದಿಗೂ ಕಿವಿಯಲ್ಲಿದೆ.

ಅದೇಕೆ ನಿಲ್ಲುವದೆಂದರೆ, ಇಳಿಯುವ ಬದಿಯ ದ್ರವವು ಅಂಚಿಗೆ ಸರಿದು ಹೆಚ್ಚು ಜಗ್ಗುವದು ನಿಜ; ಆದರೆ ಆ ಬದಿಯಲ್ಲಿ ದ್ರವದ ಪ್ರಮಾಣವು ಕಡಿಮೆ. ಏರುವ ಬದಿಯಲ್ಲಿ ಅದು ನಡುವಿಗೆ ಹತ್ತಿರವಿದ್ದರೂ ಪ್ರಮಾಣದಲ್ಲಿ ಹೆಚ್ಚು. ದೂರದ ಚಿಕ್ಕ ಭಾರವೂ ಹತ್ತಿರದ ದೊಡ್ಡ ಭಾರವೂ ಸಮನಾಗಿ ತಕ್ಕಡಿ ನಿಲ್ಲುವದು. ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತು ಇಂಥ ಯಂತ್ರಗಳ ಅರ್ಜಿಗಳಿಂದ ಬೇಸತ್ತು, 1775ರಲ್ಲಿಯೇ ಇನ್ನು ಅವುಗಳನ್ನು ಪರಿಶೀಲಿಸುವದಿಲ್ಲವೆಂದು ಸಾರಿಬಿಟ್ಟಿತು. ಶಕ್ತಿಯು ರೂಪ ಬದಲಿಸಬಲ್ಲದಲ್ಲದೆ ಹೊಸದಾಗಿ ಹುಟ್ಟಲಾರದೆಂಬ ನಿಯಮವನ್ನು ಮಾಯರ್, ಜೌಲ್, ಹೆಲ್ಮ್‌ಹೋಲ್ಟ್ಸ್ ಇವರು ಸ್ಥಾಪಿಸಿದ್ದು 1840ರ ದಶಕದಲ್ಲಿ. ಭಾಸ್ಕರಾಚಾರ್ಯನು ಅದೇ ಅಧ್ಯಾಯದಲ್ಲಿ ಇನ್ನೊಂದು ಚಕ್ರವನ್ನೂ ಹೇಳಿದ್ದಾನೆ. ಅಂಕುಶದಂತೆ ಬಾಗಿದ ತಾಮ್ರದ ನಾಳದಿಂದ ಕುಂಡದ ನೀರು ಸೆಳೆದು ಬಂದು ಚಕ್ರದ ಗಡಿಗೆಗಳಲ್ಲಿ ಬೀಳುವದು; ಆ ಭಾರಕ್ಕೆ ಚಕ್ರ ತಿರುಗುವದು. ಇದು ನಿಜವಾಗಿಯೂ ತಿರುಗುತ್ತದೆ, ಕುಂಡದಲ್ಲಿ ನೀರಿರುವವರೆಗೆ.

ಇಷ್ಟನ್ನು ಆ ರಾತ್ರಿ ಶಿಷ್ಯನಿಗೆ ಹೇಳಿದರೂ ಅವನಿಗೆ ಪೂರ್ಣ ಒಪ್ಪಿಗೆಯಾದಂತೆ ಕಾಣಲಿಲ್ಲ. "ನೀರಿನ ಚಕ್ರವನ್ನಾದರೂ ನೋಡೋಣ ಬಾ," ಎಂದು ಮರುದಿನ ಅವನ ಕಾರಿನಲ್ಲಿಯೇ ಹೊರಟೆವು.

ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಸೇರುವಲ್ಲಿ ಅಗಲವಾಗಿ, ಗಂಭೀರವಾಗಿ ಕಾಣುವಳು. ಸೇತುವೆಯ ಬಳಿ ಬಲೆ ಒಣಗಿಸುತ್ತಿದ್ದ ವೃದ್ಧನೊಬ್ಬನನ್ನು ಮಾತಾಡಿಸಿದೆವು. "ಮೊದಲು ಬೇಸಿಗೆಯಲ್ಲಿ ಉಪ್ಪುನೀರು ಹೊಳೆಯೊಳಗೆ ಎಷ್ಟೋ ದೂರ ಏರುತ್ತಿತ್ತು, ಮಾಸ್ತರೇ. ಈಗ ಕರೆಂಟಿನ ಮನೆಯಿಂದ ವರ್ಷವಿಡೀ ಸಿಹಿನೀರು ಬರ್ತದೆ. ಉಪ್ಪಿಲ್ಲದೆ ಬಳಚು ಬದುಕ್ತದೆಯೇ?" ಎಂದನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಅಳಿವೆಗಳನ್ನು ಅಭ್ಯಾಸ ಮಾಡಿ ಬರೆದದ್ದೂ ಇದನ್ನೇ: ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿ ಬಳಚೂ ಮೀನೂ ಕ್ಷೀಣಿಸಿವೆ. ಮುದುಕನಿಗೆ ಅದನ್ನು ತಿಳಿಯಲು ಪುಸ್ತಕ ಬೇಕಾಗಿರಲಿಲ್ಲ.

ಅಲ್ಲಿಂದ ಹೊಳೆಯ ಬದಿಯಲ್ಲಿಯೇ ಗೇರುಸೊಪ್ಪೆಯ ದಾರಿ ಹಿಡಿದೆವು. ಅಡಿಕೆ ತೋಟಗಳು, ತೆಂಗು, ಮೇಲೆ ಘಟ್ಟದ ನೀಲಿ ಗೋಡೆ. ಮೆಣಸಿನ ರಾಣಿಯೆಂದು ಖ್ಯಾತಳಾದ ಚೆನ್ನಭೈರಾದೇವಿಯ ರಾಜಧಾನಿ ಇದು. ಕಾಡಿನ ನಡುವೆ ಚತುರ್ಮುಖ ಬಸದಿಯು ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ಇಂದಿಗೂ ನಿಂತಿದೆ. ಈ ಸಲ ನಮ್ಮ ಲಕ್ಷ್ಯವು ಅಣೆಕಟ್ಟಿನ ಮೇಲಿದ್ದಿತು. ಜೋಗದಲ್ಲಿ 1948ರಲ್ಲಿ ಮೊದಲ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿಯ ಕಟ್ಟು ಮುಗಿದು, ಅದರ ನೀರು ತಲಕಳಲೆಗೆ ಹರಿದು, ಅಲ್ಲಿಂದ ಧುಮುಕಿ, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಲ್ಲಿ 1035 ಮೆಗಾವ್ಯಾಟ್ ಹುಟ್ಟಿಸುವ ಸಾಮರ್ಥ್ಯ ಬಂದಿತು. ಹಾಗೆ ಬಿಟ್ಟ ನೀರನ್ನೇ ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ ತಡೆದು ನಾಲ್ಕು ಯಂತ್ರಗಳಿಂದ 240 ಮೆಗಾವ್ಯಾಟ್ ತೆಗೆಯುವರು. ಹೊನ್ನಾವರದ ಕಡಲನೀರನ್ನು ಕುಂಡದಿಂದೆತ್ತಿ ಘಟ್ಟದ ನೆತ್ತಿಯ ಮೇಲೆ ಸುರಿಯುವವನು ಸೂರ್ಯ. ಬಿಲ್ಲು ಕಳಿಸದವನು ಅವನೊಬ್ಬನೇ. ಕಟ್ಟಿನ ಬಿಲ್ಲನ್ನು ತೆತ್ತವರು ಮುಳುಗಿದ ಊರುಗಳವರು. ನಾನು ಅಮರಕೋಶವನ್ನು ಕಂಠಪಾಠ ಮಾಡಿದ ದೀಪವೂ ಶರಾವತಿಯದೇ ಆದುದರಿಂದ, ಈ ಮಾತನ್ನು ತಪ್ಪಿತಸ್ಥನಾಗಿಯೇ ಹೇಳುತ್ತಿದ್ದೇನೆ. 2023ರಲ್ಲಿ ರಾಜ್ಯ ಸರಕಾರವು ಮನೆಗಳಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತವೆಂದಾಗಲೂ ನನಗೆ ಆ ಊರುಗಳವರ ನೆನಪೇ ಆಯಿತು.

ಊರಿನಲ್ಲಿ ಎಲ್ಲಿ ನಿಂತರೂ ಒಂದೇ ಮಾತು. ತಲಕಳಲೆ ಮೇಲೆ, ಗೇರುಸೊಪ್ಪೆ ಕೆಳಗೆ. ಎರಡರ ನಡುವೆ ನೆಲದೊಳಗೆ ಸುರಂಗ ಕೊರೆದು, 2000 ಮೆಗಾವ್ಯಾಟಿನ 'ಪಂಪ್ಡ್ ಸ್ಟೋರೇಜ್' ಯೋಜನೆ ಮಾಡುವ ಪ್ರಸ್ತಾಪ. ವಿದ್ಯುತ್ತಿಗೆ ಬೇಡಿಕೆ ಹೆಚ್ಚಾದ ಹೊತ್ತಿನಲ್ಲಿ ನೀರನ್ನು ಇಳಿಸಿ ವಿದ್ಯುತ್ತು ಪಡೆಯುವದು, ಮಿಕ್ಕ ಹೊತ್ತಿನಲ್ಲಿ ಅದೇ ನೀರನ್ನು ಮೇಲಕ್ಕೆ ನೂಕುವದು. 2025ರ ಸೆಪ್ಟೆಂಬರಿನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಯಲ್ಲಿ ಜನರು ತೀವ್ರವಾಗಿ ವಿರೋಧಿಸಿದರು. ಯೋಜನೆಯ ಸ್ಥಳವು ಸಿಂಗಳೀಕಗಳ ಅಭಯಾರಣ್ಯದೊಳಗಿದೆ. ಮಳೆಗೆ ಗುಡ್ಡ ಜಾರುವ ಭಯವೂ ಇದೆ.

ನನ್ನ ಶಿಷ್ಯನು ಇದನ್ನೆಲ್ಲ ಕೇಳಿ ಥಟ್ಟನೆ, "ಮಾಸ್ತರೇ, ಅದೇ ನೀರು ಇಳಿಯುವದು, ಅದೇ ನೀರು ಏರುವದು. ಸರಕಾರ ಮಾಡಿದರೆ ಯೋಜನೆ; ನನ್ನವನು ಮಾಡಿದರೆ ಮಾತ್ರ ಸುಳ್ಳೇ?" ಎಂದನು. ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ಇಂಥ ಒಳ್ಳೆಯ ಪ್ರಶ್ನೆಯನ್ನು ನಾನು ಹೆಚ್ಚು ಕೇಳಿಲ್ಲ. ಶಾಲೆಯಲ್ಲಿ ಅವನು ಕೊನೆಯ ಬೆಂಚಿನವನು.

ನಾನೆಂದೆನು: "ಅಪ್ಪಾ, ಅದು ಗದ್ದೆಯಲ್ಲ, ಕಣಜ. ನೂರು ಮೂಟೆ ಭತ್ತ ತುಂಬಿದರೆ ತೆಗೆಯುವಾಗ ಎಪ್ಪತ್ತೈದೋ ಎಂಬತ್ತೋ ಸಿಗುವದು. ಉಳಿದದ್ದನ್ನು ಇಲಿ ತಿನ್ನುವದು. ಎಂಜಿನಿಯರರು ಇದನ್ನು ಮುಚ್ಚಿಡುವದಿಲ್ಲ. ಮಧ್ಯಾಹ್ನದ ಬಿಸಿಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡಲು ಕಣಜ ಬೇಕೆಂಬುದು ಅವರ ವಾದ, ಅದು ಸುಳ್ಳಲ್ಲ. ಆ ಕಣಜವನ್ನು ಈ ಕಾಡಿನಲ್ಲಿಯೇ ಕಟ್ಟಬೇಕೇ ಎಂಬುದು ಈ ಊರಿನವರ ವಾದ. ನಿನ್ನವನಾದರೋ ನೂರು ಮೂಟೆ ತುಂಬಿ ನೂರಿಪ್ಪತ್ತು ತೆಗೆಯುತ್ತೇನೆ ಎನ್ನುತ್ತಾನೆ." ನನ್ನ ಮಟ್ಟಿಗೆ ಊರಿನವರ ವಾದವೇ ಹೆಚ್ಚು ತೂಕದ್ದು; ಕೊಟ್ಟವರ ಕೈಯಿಂದಲೇ ಎಷ್ಟು ಸಲ ಕೊಡಿಸುವದು? ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಲಿಯ ಲೆಕ್ಕವನ್ನು ಅವನು ಹೇಳಲೇ ಇಲ್ಲ," ಎಂದನು.

ಸಂಜೆಗೆ ಕುಮಟೆ ಸೇರಿ, ಬೆಳಿಗ್ಗೆ ಅವನನ್ನು ಅಘನಾಶಿನಿಯ ಅಳಿವೆಗೆ ಕರೆದುಕೊಂಡು ಹೋದೆನು. ಈ ಹೊಳೆಗೆ ವಿದ್ಯುತ್ತಿನ ಅಣೆಕಟ್ಟಿಲ್ಲ. ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದು, ಜನರ ವಿರೋಧದಿಂದ ನಿಂತುಹೋಯಿತು. 2024ರಲ್ಲಿ ಅಳಿವೆಯು ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತು. ಮೊಳಕಾಲು ನೀರಿನಲ್ಲಿ ಹೆಂಗಸರು ಬಳಚು ಆಯುತ್ತಿದ್ದರು. ಗಜನಿಗಳಲ್ಲಿ ಉಪ್ಪುನೀರಿಗೂ ಬಗ್ಗದ ಕಗ್ಗ ಭತ್ತ ಬೆಳೆಯುವ ಸೀಮೆ ಇದು. ಹೊನ್ನಾವರದ ಮುದುಕನು ಹೇಳಿದ ಬಳಚನ್ನು ಶಿಷ್ಯನು ಇಲ್ಲಿ ಬುಟ್ಟಿಬುಟ್ಟಿಯಾಗಿ ಕಂಡು, "ಎರಡು ಹೊಳೆಗಳ ನಡುವೆ ಒಂದು ತಾಸಿನ ದಾರಿಯೂ ಇಲ್ಲ," ಎಂದನು.

ಸಾಣಿಕಟ್ಟೆಯ ಉಪ್ಪಿನ ಆಗರಗಳಿಗೂ ಹೋದೆವು. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಸಾಗಿಸಿ, ಬಿಸಿಲಿಗೆ ಒಡ್ಡಿದರೆ ಉಪ್ಪು ಹರಳುಗಟ್ಟುವದು. ಉಪ್ಪು ಆಗುವ ಕಾಲ ಇನ್ನೂ ಬಂದಿರಲಿಲ್ಲ. ಆಳುಗಳು ಒಡ್ಡು ಸರಿಪಡಿಸುತ್ತ ಕೆಸರಿನಲ್ಲಿದ್ದರು. ಬಿಸಿಲು ಬಿಟ್ಟಿ, ಸಮುದ್ರವೂ ಬಿಟ್ಟಿ. ಆದರೆ ಆ ಬೆನ್ನುಗಳ ಮೇಲಿನ ಬೆವರನ್ನು ನೋಡಿದವರು ಉಪ್ಪು ಬಿಟ್ಟಿಯೆಂದು ಹೇಳಲಾರರು.

ಅವನು ಭಟ್ಕಳಕ್ಕೆ ಮರಳಿದ ಎಂಟು ದಿನಕ್ಕೆ ಯಂತ್ರವು ಗಿರಣಿಯಿಂದ ಹೊರಗೆ ಹೋಯಿತು. ತಾಯಿಯ ಬಳೆಗಳು ಕೈಯಲ್ಲಿಯೇ ಉಳಿದವು. 25,000 ರೂಪಾಯಿ ಮಾತ್ರ ಬರಲಿಲ್ಲ; ಆ ತರುಣನ ಫೋನು ಈಗ ಹತ್ತುವದಿಲ್ಲ. ಗಿರಣಿಯ ಮಾಡಿನ ಮೇಲೆ ಸಾಲ ಮಾಡಿ ಸೌರಫಲಕಗಳನ್ನು ಹಾಕಿಸಿದ್ದಾನೆ. ಮೊನ್ನೆ ಫೋನಿನಲ್ಲಿ, "ಮಾಸ್ತರೇ, ಮಳೆಗಾಲದ ನಾಲ್ಕು ತಿಂಗಳು ಇದು ಅರ್ಧ ಕೆಲಸವನ್ನೂ ಮಾಡಲಿಕ್ಕಿಲ್ಲವಂತೆ. ಹಾಕುವ ಮೊದಲೇ ಅಂಗಡಿಯವನು ಹೇಳಿದ್ದಾನೆ," ಎಂದನು.