ಅಳತೆ ಮೊದಲೋ, ಚಿತ್ರ ಮೊದಲೋ?

ಮನೆ ಕಟ್ಟಿಸುವವರ ಮುಂದೆ ಈಗ ಎರಡು ಬಗೆಯ ಹಾಳೆಗಳು ಬರುತ್ತವೆ. ಒಂದರಲ್ಲಿ ಗೆರೆ ಮತ್ತು ಅಂಕಿಗಳು. ಇನ್ನೊಂದರಲ್ಲಿ ಬಣ್ಣದ ಗೋಡೆ, ಪಡಸಾಲೆಯ ಬೆಳಕು, ಅಂಗಳದ ಗಿಡ. ಮೊದಲನೆಯದನ್ನು ಗೌಂಡಿ ಓದುತ್ತಾನೆ, ಎರಡನೆಯದನ್ನು ಮನೆಮಂದಿ ನೋಡುತ್ತಾರೆ. ಗಣಕಯಂತ್ರದಲ್ಲಿ ಮೊದಲನೆಯದಕ್ಕೆ ಕ್ಯಾಡ್ ಎಂದೂ, ಎರಡನೆಯದಕ್ಕೆ ರೆಂಡರಿಂಗ್ ಎಂದೂ ಹೆಸರು.

ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಬೆಳೆಗಾರರ ಮನೆಯ ಹುಡುಗನೊಬ್ಬ ರಾಣೆಬೆನ್ನೂರಿನಲ್ಲಿ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾನೆ. ಅವನ ತಂದೆ ನಮ್ಮಲ್ಲಿ ಸಂಸ್ಕೃತ ಪಾಠ ಹೇಳಿಸಿಕೊಂಡವರು. “ಅಜ್ಜಾರ, ಅವ್ವ ಒಂದ ಕೋರ್ಸಿಗೆ ಸಾಕಾಗೋವಷ್ಟ ರೊಕ್ಕ ಕೂಡಿಸ್ಯಾಳ. ಕ್ಯಾಡ್ ಕಲೀಲೋ, ರೆಂಡರಿಂಗ್ ಕಲೀಲೋ?” ಎಂದು ಕೇಳಿದ. ತಾಯಿಯ ವರ್ಷದ ಉಳಿತಾಯ ಅದರಲ್ಲಿ ಅಡಗಿದ್ದುದರಿಂದ ಹಗುರವಾಗಿ ಉತ್ತರಿಸುವುದು ನಮಗೆ ಸರಿಯೆನಿಸಲಿಲ್ಲ. ಅವನನ್ನು ಕರೆದುಕೊಂಡು ಹಾವೇರಿಯ ಸಿದ್ಧೇಶ್ವರ ದೇವಾಲಯಕ್ಕೆ ಹೋದೆವು.

ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯನ್ನು ಬಳಪದ ಕಲ್ಲಿನಲ್ಲಿ ಕಟ್ಟಲಾಗಿದೆ. ಅದರ ಮುಖ ಪಶ್ಚಿಮಕ್ಕಿದೆ. ಆ ಶೈಲಿಯ ಗುಡಿಗಳಲ್ಲಿ ಕಂಬಗಳನ್ನು ತಿರುಗಣೆಗೆ ಹಿಡಿದು ಕಡೆದಿರುವುದು ಪ್ರಸಿದ್ಧ. “ಇಂಥ ಕಂಬವನ್ನು ನಿನ್ನ ಯಂತ್ರದಲ್ಲಿ ಹೇಗೆ ಮಾಡುತ್ತೀ?” ಎಂದು ಕೇಳಿದೆವು. ಅಂಚಿನ ಏರಿಳಿತವನ್ನು ಒಂದು ಬದಿಗೆ ಮಾತ್ರ ಅಳತೆಯಿಂದ ಬರೆದು, ಅದನ್ನು ನಡುವಿನ ಅಕ್ಷದ ಸುತ್ತ ತಿರುಗಿಸಿದರೆ ಇಡೀ ಕಂಬ ಬರುತ್ತದೆಂದು ವಿವರಿಸಿದ. ಗೋಪುರದ ಮೇಲೆ ಮರಳಿ ಮರಳಿ ಬರುವ ಕಿರುಶಿಖರವನ್ನು ಒಮ್ಮೆ ಬರೆದು ಬ್ಲಾಕ್ ಮಾಡಿಟ್ಟರೆ, ಬೇಕಾದಲ್ಲೆಲ್ಲ ಇರಿಸಬಹುದು. ಮೂಲವನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ. ಆದರೆ ಆ ಮೊದಲ ಗೆರೆಯ ಅಳತೆಯೇ ತಪ್ಪಿದರೆ? ಅದರ ಮೇಲೆ ಎಷ್ಟು ಬಣ್ಣ ಬಳಿದರೂ ಕಂಬ ಹಾವೇರಿಯದಾಗಲಾರದು.

ಹಾಗೆಂದು ರೆಂಡರಿಂಗನ್ನು ಬರಿಯ ಸಿಂಗಾರವೆನ್ನಲಾಗದು. ನಮ್ಮ ಸೀಮೆ ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ದಿನಗಳಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ; ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಊರು, ದಿಕ್ಕು, ದಿನ, ಹೊತ್ತು ಇವನ್ನು ಸರಿಯಾಗಿ ಕೊಟ್ಟರೆ ಯಾವ ಕಿಟಕಿಯಿಂದ ಬಿಸಿಲು ಎಲ್ಲಿಗೆ ಬಂದೀತೆಂಬುದನ್ನು ಚಿತ್ರ ತೋರಿಸುತ್ತದೆ. ನಕ್ಷೆ ಓದಲು ಬಾರದ ತಾಯಿಯೂ ಅದನ್ನು ನೋಡಿ, “ಮೆಣಸಿನಕಾಯಿ ಚೀಲ ಈ ಬಾಗಲದಾಗ ಹಾಯತೈತೇನಪಾ?” ಎಂದು ಕೇಳಬಲ್ಲಳು. ಮನೆ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಬಾಗಿಲು ಎಷ್ಟು ಅಗಲವೆಂಬ ಉತ್ತರವನ್ನು ಮತ್ತೆ ಅಳತೆಯೇ ಕೊಡಬೇಕು.

ನಾವು ಮಠದಲ್ಲಿ ಓದುವಾಗ ಮೊದಲು ವ್ಯಾಕರಣ, ಆಮೇಲೆ ಅಲಂಕಾರಶಾಸ್ತ್ರ. ಅಲಂಕಾರ ಕೀಳೆಂಬ ಕಾರಣಕ್ಕಲ್ಲ. ಪದವೇ ಸಾಧುವಾಗದೆ ಅಲಂಕಾರಕ್ಕೆ ನಿಲ್ಲಲು ನೆಲವಿಲ್ಲವೆಂಬ ಕಾರಣಕ್ಕೆ. ಇಲ್ಲಿಯೂ ಅದೇ ಕ್ರಮ ಸರಿಯೆಂದು ನಮಗೆ ತೋರಿತು.

ಇನ್ನು ರೊಕ್ಕದ ಮಾತು. ಆಟೋಕ್ಯಾಡ್ 1982ರಲ್ಲಿ ಬಂದುದು. ಗುತ್ತಿಗೆದಾರರ ಕಚೇರಿಗಳಲ್ಲಿ ಕೆಲಸ ಕೇಳುವವರಿಗೆ ಅದರ ಪರಿಚಯ ಅಗತ್ಯ. ಬ್ಲೆಂಡರ್ ಎಂಬ ತಂತ್ರಾಂಶವಾದರೋ 2002ರಿಂದ ಎಲ್ಲರಿಗೂ ಮುಕ್ತವಾಗಿದೆ; ಅದರಲ್ಲಿ ಮಾದರಿ ಕಟ್ಟುವುದನ್ನೂ ರೆಂಡರಿಂಗನ್ನೂ ಕಾಸು ಕೊಡದೆ ಅಭ್ಯಾಸ ಮಾಡಬಹುದು. 2000ದಲ್ಲಿ ಬಂದ ಸ್ಕೆಚ್‌ಅಪ್ ಇವೆರಡರ ನಡುವಿನ ಸೇತುವೆಯಂತೆ, ಕಲಿಯಲು ಸುಲಭ. ಆದ್ದರಿಂದ ತಾಯಿಯ ದುಡ್ಡನ್ನು ಕ್ಯಾಡ್ ಕಲಿಕೆಗೆ ಕೊಡು, ರೆಂಡರಿಂಗನ್ನು ರಜೆಯ ದಿನಗಳಲ್ಲಿ ನೀನೇ ಅಭ್ಯಾಸ ಮಾಡು ಎಂದೆವು. ಮೊದಲ ಪಾಠಕ್ಕೆ ತನ್ನ ಮನೆಯನ್ನೇ ಅಳೆಯಲು ಹೇಳಿದೆವು.

ಮಕ್ಕಳ ಕಲಿಕೆಗೆ ಹಣ ಕಟ್ಟುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಬಣ್ಣದ ಚಿತ್ರ ನೋಡಿ ಮಾರುಹೋಗುವ ಮುನ್ನ, ಆ ಚಿತ್ರದ ಹಿಂದಿನ ಅಳತೆಯ ನಕ್ಷೆಯನ್ನು ತೋರಿಸಲು ಹೇಳಿರಿ. ಅದನ್ನು ತೋರಿಸಬಲ್ಲ ಕಡೆಗೆ ಮಕ್ಕಳನ್ನು ಕಳುಹಿಸಿರಿ.